ತಾರಿಯೂ ದಾರಿಯೇ, ಸ್ವಾಮಿ!



ವಿಧಾನಸೌಧದಲ್ಲಿ ಕುಳಿತವರಿಗೆ ರಸ್ತೆ ಎಂದರೆ ಡಾಂಬರು. ಅದರಲ್ಲಿ ಗುಂಡಿ ಬಿದ್ದರೆ ಪತ್ರಿಕೆಯವರು ಫೋಟೋ ಹಾಕುತ್ತಾರೆ, ವಿರೋಧ ಪಕ್ಷದವರು ಗುಂಡಿಯಲ್ಲಿ ಬಾಳೆ ಗಿಡ ನೆಡುತ್ತಾರೆ, ಮಂತ್ರಿಗಳು ಅಧಿಕಾರಿಗಳಿಗೆ ಗಡುವು ಕೊಡುತ್ತಾರೆ. ಆದರೆ ನಮ್ಮ ಕರಾವಳಿಯಲ್ಲಿ ನೀರೇ ರಸ್ತೆಯಾಗಿರುವ ಊರುಗಳಿವೆ. ಅಲ್ಲಿ ಬಾರ್ಜು ಕೆಟ್ಟು ನಿಂತರೆ ರಸ್ತೆ ಕುಸಿದಂತೆಯೇ ಲೆಕ್ಕ. ಅದರ ಫೋಟೋ ಯಾರೂ ಹಾಕುವುದಿಲ್ಲ. ಅದಕ್ಕೆ ಗಡುವು ಕೊಡುವ ಮಂತ್ರಿಯೂ ಇಲ್ಲ. ಹೊಳೆಯಾಚೆ ಇರುವವರು ಕನ್ನಡಿಗರಲ್ಲವೇ? ಅವರು ಕೊಡುವುದು ತೆರಿಗೆಯಲ್ಲವೇ? ಅವರು ಹಾಕುವುದು ಮತವಲ್ಲವೇ?

ಸುಮಾರು 320 ಕಿ.ಮೀ. ಕಡಲತೀರ ನಮ್ಮದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೀತಾ, ಸ್ವರ್ಣಾ, ಗುರುಪುರ, ನೇತ್ರಾವತಿ ಹೀಗೆ ಘಟ್ಟದಿಂದಿಳಿದ ಹೊಳೆಗಳು ಒಂದಾದ ಮೇಲೊಂದು ಬಂದು ಕಡಲು ಸೇರುತ್ತವೆ. ಸೇರುವ ಕಡೆಯಲ್ಲೆಲ್ಲ ಅಳಿವೆ. ಅಳಿವೆಯ ಎರಡೂ ದಡಗಳಲ್ಲಿ ಎದುರುಬದುರು ಊರುಗಳು. ಈಚೆ ದಡದಲ್ಲಿ ನಿಂತರೆ ಆಚೆ ದಡದ ಅಂಗಡಿಯ ದೀಪ ಕಾಣುತ್ತದೆ. ರಸ್ತೆ ಹಿಡಿದು ಹೋದರೋ, ಅರ್ಧ ತಾಲ್ಲೂಕು ಸುತ್ತಬೇಕು.

ಕುಮಟಾ ತಾಲ್ಲೂಕನ್ನೇ ನೋಡಿ. ಅಘನಾಶಿನಿ ನದಿಯ ಬಾಯಲ್ಲಿ ದಕ್ಷಿಣಕ್ಕೆ ಅಘನಾಶಿನಿ ಊರು, ಉತ್ತರಕ್ಕೆ ತದಡಿ. ತದಡಿಗೆ ಬಂದರೆ ಗೋಕರ್ಣ ಕೂಗಳತೆ ದೂರ. ನಡುವೆ ಇರುವುದು ಒಂದು ಹೊಳೆ. ದೋಣಿ ತಪ್ಪಿದರೆ ಕುಮಟಾಕ್ಕೆ ಬಂದು, ಹೆದ್ದಾರಿ ಹಿಡಿದು, ಮಿರ್ಜಾನ್ ದಾಟಿ ಮೂವತ್ತು ಕಿ.ಮೀ.ಗೂ ಮಿಕ್ಕಿ ಸುತ್ತಬೇಕು. ಮಂಗಳೂರಿನ ಬಂದರಿಗೂ ಬೆಂಗ್ರೆಗೂ ಇದೇ ಸಂಬಂಧ. ಕೋಡಿಬೆಂಗ್ರೆಗೂ ಹಂಗಾರಕಟ್ಟೆಗೂ ಇದೇ ಸಂಬಂಧ. ಶಾಲೆಯ ಮಕ್ಕಳು, ಮೀನು ಬುಟ್ಟಿ ಹೊತ್ತ ಹೆಂಗಸರು, ಆಸ್ಪತ್ರೆಗೆ ಹೊರಟ ಬಸುರಿಯರು, ಬಳಚು ಆರಿಸಿ ಮಾರುವವರು ಎಲ್ಲರೂ ಆ ತಾರಿಯನ್ನೇ ನಂಬಿದವರು. ಅವರಿಗದು ವಿಹಾರವಲ್ಲ, ಪ್ರವಾಸೋದ್ಯಮವಲ್ಲ. ಅನ್ನದ ದಾರಿ.

ನಾನು ಓದಿದ್ದು ಪಿಯುಸಿ. ಕಸುಬು ಮುದ್ರಣಾಲಯ. ಲಗ್ನಪತ್ರಿಕೆ, ರಶೀದಿ ಪುಸ್ತಕ, ಯಕ್ಷಗಾನದ ಕರಪತ್ರ ಇವೇ ನನ್ನ ಸಾಹಿತ್ಯ. ಹೊಳೆಯಾಚೆಯ ಗಿರಾಕಿಗಳು ಲಗ್ನಪತ್ರಿಕೆಯ ಕೆಳಗೆ ಒಂದು ಸಾಲು ಸೇರಿಸಲು ಹೇಳುತ್ತಾರೆ: ‘ದೋಣಿಯ ಸಮಯ ನೋಡಿಕೊಂಡು ಬರಬೇಕಾಗಿ ವಿನಂತಿ.’ ಎಷ್ಟು ಗಂಟೆ ಎಂದು ಹಾಕಲಿ ಎಂದು ಕೇಳಿದರೆ ನಗುತ್ತಾರೆ. ‘ಅದು ದೇವರಿಗೂ ಗೊತ್ತಿಲ್ಲ ಮಾರಾಯ್ರೇ’ ಎನ್ನುತ್ತಾರೆ. ಮುಹೂರ್ತಕ್ಕೆ ನಿಮಿಷದ ಲೆಕ್ಕ ಉಂಟು, ಮುಹೂರ್ತಕ್ಕೆ ತಲುಪಿಸುವ ದೋಣಿಗೆ ಗಂಟೆಯ ಲೆಕ್ಕವೂ ಇಲ್ಲ! ಒಂದು ವೇಳಾಪಟ್ಟಿ ಅಚ್ಚು ಹಾಕಿ ಎರಡೂ ದಕ್ಕೆಗಳಲ್ಲಿ ಅಂಟಿಸುವುದಕ್ಕೆ ತಗಲುವ ಖರ್ಚು ಮಂತ್ರಿಗಳ ಸಭೆಯ ಒಂದು ಹಾರಕ್ಕಿಂತ ಕಡಿಮೆ. ನಾನೇ ಹೇಳುತ್ತೇನೆ: ಕಾಗದ ನನ್ನದು, ಮಸಿ ನನ್ನದು, ಕೂಲಿ ನನ್ನದು. ಸಮಯ ಮಾತ್ರ ಸರ್ಕಾರ ಕೊಡಲಿ!

ಕೇಳಿದರೆ ಒಂದೇ ಉತ್ತರ ಬರುತ್ತದೆ: ‘ಸೇತುವೆ ಆಗುತ್ತದೆ, ತಾಳಿ.’ ಈ ‘ತಾಳಿ’ ಎಂಬ ಮಾತಿನ ಬೆಲೆ ಎಷ್ಟೆಂದು ಶರಾವತಿ ಹಿನ್ನೀರಿನ ಜನರನ್ನು ಕೇಳಬೇಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆ ಬೆಳಕು ಕೊಡಲು ತಮ್ಮ ಗದ್ದೆ, ತೋಟ, ಮನೆಗಳನ್ನು ನೀರಿಗೆ ಕೊಟ್ಟವರು ಆಮೇಲೆ ಲಾಂಚಿಗಾಗಿ ದಡದಲ್ಲಿ ಕಾದರು. ಅಂಬಾರಗೋಡ್ಲಿನಿಂದ ಆಚೆ ದಡಕ್ಕೆ, ಸಿಗಂದೂರಿನ ದಾರಿಗೆ, ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅರವತ್ತೊಂದು ವರ್ಷ! ಆವತ್ತು ಕೂಡ ರಾಜ್ಯ ಮತ್ತು ಕೇಂದ್ರ ಸರ್ಕಾರಗಳು ಆಹ್ವಾನದ ವಿಷಯಕ್ಕೆ ಜಗಳವಾಡಿದವು. ಸೇತುವೆ ಆದದ್ದು ಸಂತೋಷವೇ. ಆದರೆ ಆ ಅರವತ್ತೊಂದು ವರ್ಷಗಳಲ್ಲಿ ಹುಟ್ಟಿದವರು, ಓದಿದವರು, ಕಾಯಿಲೆ ಬಿದ್ದವರು ದಾಟಿದ್ದು ಯಾವುದರಲ್ಲಿ? ಲಾಂಚಿನಲ್ಲಿ. ಎರಡು ತಲೆಮಾರು ಬಳಸಿದ್ದನ್ನು ‘ತಾತ್ಕಾಲಿಕ ವ್ಯವಸ್ಥೆ’ ಎಂದು ಕರೆಯಲು ನಾಲಿಗೆ ಹೇಗೆ ಬರುತ್ತದೆ?

ಇನ್ನು ಸೇತುವೆ ಆದ ಮಾತ್ರಕ್ಕೆ ದೋಣಿಯನ್ನು ಮರೆತುಬಿಡಬಹುದೇ? 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ಸೇತುವೆ ಕುಸಿದು ಒಂದು ಲಾರಿ ಹೊಳೆಗೆ ಬಿತ್ತು. ಪುಣ್ಯಕ್ಕೆ ಚಾಲಕ ಬದುಕಿದ. ಪುಣ್ಯಕ್ಕೆ ಪಕ್ಕದಲ್ಲೇ ಇನ್ನೊಂದು ಹೊಸ ಸೇತುವೆ ಇತ್ತು. ಆ ಎರಡನೆಯದು ಇಲ್ಲದಿದ್ದರೆ ಸದಾಶಿವಗಡದವರ ಗತಿ ಏನಾಗುತ್ತಿತ್ತು? ಹಿಂದೆ ಅಲ್ಲಿ ಜನ ದೋಣಿಯಲ್ಲೇ ದಾಟುತ್ತಿದ್ದರು. ದಕ್ಕೆ ಹಾಳುಬಿಟ್ಟು, ಅಂಬಿಗರನ್ನು ಬೇರೆ ಕೂಲಿಗೆ ಅಟ್ಟಿದ ಮೇಲೆ, ಬೇಕೆಂದಾಗ ಒಂದೇ ರಾತ್ರಿಯಲ್ಲಿ ತಾರಿ ಹುಟ್ಟುವುದಿಲ್ಲ ಸ್ವಾಮಿ.

ಈಗ ‘ಶಕ್ತಿ’ ಯೋಜನೆಯ ವಿಚಾರಕ್ಕೆ ಬನ್ನಿ. 2023ರ ಜೂನ್ 11ರಿಂದ ನಾಡಿನ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಒಳ್ಳೆಯ ಕೆಲಸ, ಬೇಡವೆನ್ನುವವರು ಯಾರೂ ಇಲ್ಲ. ಆದರೆ ಹೊಳೆ ದಾಟುವ ತಾಯಿ ಏನು ಪಾಪ ಮಾಡಿದ್ದಾಳೆ? ಅಘನಾಶಿನಿಯ ಹೆಂಗಸು ಬಸ್ಸು ಹತ್ತಿ ಮೂವತ್ತು ಕಿ.ಮೀ. ಸುತ್ತಿ ಗೋಕರ್ಣಕ್ಕೆ ಹೋದರೆ ಪುಕ್ಕಟೆ. ಎದುರಿಗೇ ಕಾಣುವ ದಡಕ್ಕೆ ದೋಣಿಯಲ್ಲಿ ಹೋದರೆ ಹಣ! ಡೀಸೆಲ್ ಉಳಿಸುವವಳಿಗೆ ದಂಡ, ಸುಡುವವಳಿಗೆ ಬಹುಮಾನ. ಈ ಲೆಕ್ಕವನ್ನು ಯಾವ ಶಾಲೆಯಲ್ಲಿ ಕಲಿತಿರಿ?

‘ದೋಣಿ ನಷ್ಟದಲ್ಲಿದೆ’ ಎನ್ನುತ್ತಾರೆ. ಇರಲಿ. ಘಟ್ಟದ ರಸ್ತೆ ಲಾಭದಲ್ಲಿದೆಯೇ? ಬೆಂಗಳೂರಿನ ಮೇಲ್ಸೇತುವೆಗಳು ಲಾಭ ತಂದುಕೊಟ್ಟಿವೆಯೇ? ರಸ್ತೆಗೆ ಕೇಳದ ಲಾಭವನ್ನು ನೀರಿಗೆ ಮಾತ್ರ ಏಕೆ ಕೇಳುತ್ತೀರಿ? ಕಡವುಗಳನ್ನು ಟೆಂಡರು ಕರೆದು ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಂಡರೆ ಗುತ್ತಿಗೆದಾರ ತನ್ನ ಲಾಭ ನೋಡುತ್ತಾನೆ. ಜನ ತುಂಬಿದರೆ ಬಿಡುತ್ತಾನೆ, ತುಂಬದಿದ್ದರೆ ಕಾಯಿಸುತ್ತಾನೆ. ಅದು ಅವನ ತಪ್ಪಲ್ಲ, ಹಾಗೆ ಕೊಟ್ಟವರ ತಪ್ಪು.

ನೆರೆಯವರನ್ನು ನೋಡಿ. ಕೇರಳದಲ್ಲಿ ನೀರಿನ ಸಾರಿಗೆಗೆಂದೇ 1968ರಿಂದ ಒಂದು ಸರ್ಕಾರಿ ಇಲಾಖೆ ಇದೆ. 2017ರಲ್ಲಿ ವೈಕಂ ಕಡವಿನಲ್ಲಿ ಬಿಸಿಲಿನಿಂದ ಓಡುವ ‘ಆದಿತ್ಯ’ ದೋಣಿಯನ್ನು ಇಳಿಸಿದವರು ಅವರು. 2023ರ ಏಪ್ರಿಲ್‌ನಲ್ಲಿ ಕೊಚ್ಚಿಯಲ್ಲಿ ವಾಟರ್ ಮೆಟ್ರೋ ಶುರುವಾಯಿತು. ಗೋವಾದಲ್ಲಿ ಫೆರ್ರಿಗಳನ್ನು ಸರ್ಕಾರವೇ ನಡೆಸುತ್ತದೆ, ನಡೆದು ಹತ್ತುವವರಿಗೆ ಟಿಕೆಟ್ಟೇ ಇಲ್ಲ. ನಮ್ಮಲ್ಲಿಯೂ ‘ಕರ್ನಾಟಕ ಜಲಸಾರಿಗೆ ಮಂಡಳಿ’ ಎಂಬ ಅಂದವಾದ ಹೆಸರಿನ ಮಂಡಳಿ ಇದೆ. ಮಂಗಳೂರಿಗೂ ವಾಟರ್ ಮೆಟ್ರೋ ತರುವ ಮಾತು ಕೇಳಿಬಂದಿದೆ. ಬರಲಿ. ಆದರೆ ನಗರಕ್ಕೆ ಗಾಜಿನ ದೋಣಿ, ಹಳ್ಳಿಗೆ ತುಕ್ಕು ಹಿಡಿದ ಬಾರ್ಜು ಎಂದಾಗಬಾರದು. ತದಡಿಗೆ ಉಷ್ಣ ವಿದ್ಯುತ್ ಸ್ಥಾವರ ತರುತ್ತೇವೆಂದರು, ದೊಡ್ಡ ಬಂದರು ತರುತ್ತೇವೆಂದರು. ಸಾವಿರಾರು ಕೋಟಿಯ ಕಡತಗಳಲ್ಲಿ ತದಡಿಯ ಹೆಸರಿತ್ತು. ಮಳೆಯಲ್ಲಿ ದೋಣಿ ಕಾಯುವ ಮುದುಕಿಗೆ ಒಂದು ಒಳ್ಳೆಯ ಮಾಡು ಮಾತ್ರ ಯಾವ ಕಡತದಲ್ಲೂ ಇರಲಿಲ್ಲ.

ಸುರಕ್ಷತೆಯ ಮಾತು ಇನ್ನೂ ಕಹಿ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದ ಕಡಲಲ್ಲಿ ಮಗುಚಿ 16 ಜನ ಸತ್ತರು. ಅದೇ ಜನವರಿ 21 ಅಂಬಿಗರ ಚೌಡಯ್ಯನವರ ಜಯಂತಿ! ಒಂದೆಡೆ ಅಂಬಿಗ ಶರಣರ ಪಟಕ್ಕೆ ಸರ್ಕಾರಿ ಹೂಮಾಲೆ, ಇನ್ನೊಂದೆಡೆ ಕಡಲಲ್ಲಿ ಕನ್ನಡಿಗರ ಹೆಣ. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಮಿತಿಮೀರಿ ಜನ ತುಂಬಿದ್ದ ದೋಣಿ ಮುಳುಗಿ 22 ಜನ ಸತ್ತರು. 2021ರಲ್ಲಿ ಬಂದ ಒಳನಾಡು ಹಡಗುಗಳ ಕಾಯ್ದೆ ನೋಂದಣಿ, ತಪಾಸಣೆ, ಜೀವರಕ್ಷಕ ಸಾಧನ ಎಲ್ಲವನ್ನೂ ಹೇಳುತ್ತದೆ. ಕಾಯ್ದೆಯ ಪುಸ್ತಕ ಹಾಕಿಕೊಂಡು ಯಾರೂ ಈಜಲಾರರು.

ಇಲ್ಲಿಯೇ ಕನ್ನಡದ ಪ್ರಶ್ನೆ ಬರುತ್ತದೆ. ಈ ದೋಣಿಯಲ್ಲಿ ಎಷ್ಟು ಜನ ಹತ್ತಬಹುದು, ಜೀವರಕ್ಷಕ ಜಾಕೆಟ್ಟಿನ ಪಟ್ಟಿಯನ್ನು ಹೇಗೆ ಬಿಗಿಯಬೇಕು, ಅಪಾಯವಾದರೆ ಯಾವ ನಂಬರಿಗೆ ಫೋನು ಮಾಡಬೇಕು ಎಂಬುದು ಮೀನು ಮಾರುವ ಹೆಂಗಸಿಗೆ ಓದಲು ಬರುವ ಭಾಷೆಯಲ್ಲಿ ಇರಬೇಕೋ ಬೇಡವೋ? ಕನ್ನಡ ಈ ನಾಡಿನ ಆಡಳಿತ ಭಾಷೆ ಎಂದು 1963ರಲ್ಲೇ ಕಾಯ್ದೆ ಮಾಡಿದ್ದೇವೆ. ಮುಳುಗುವ ಹೊತ್ತಿನಲ್ಲಿ ಇಂಗ್ಲಿಷ್ ಕಲಿಯಲು ಆಗುವುದಿಲ್ಲ. ಅಲ್ಲಿ ಕನ್ನಡ ಅಭಿಮಾನದ ಮಾತಲ್ಲ, ಜೀವದ ಮಾತು.

ಅದಕ್ಕಾಗಿ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ:

1. ಪ್ರತಿ ಸಾರ್ವಜನಿಕ ತಾರಿಗೂ ನಿಗದಿತ ವೇಳಾಪಟ್ಟಿ ಬೇಕು. ಅದು ಕನ್ನಡದಲ್ಲಿ ಎರಡೂ ದಡಗಳಲ್ಲಿರಬೇಕು. ಕೊನೆಯ ದೋಣಿ ಕೊನೆಯ ಬಸ್ಸಿಗೆ ಹೊಂದಬೇಕು.

2. ‘ಶಕ್ತಿ’ ಯೋಜನೆ ಮತ್ತು ವಿದ್ಯಾರ್ಥಿಗಳ ಪಾಸು ದೋಣಿಗೂ ಅನ್ವಯಿಸಬೇಕು.

3. ಹತ್ತಬಹುದಾದ ಜನರ ಸಂಖ್ಯೆಯನ್ನು ದೋಣಿಯ ಮೈಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಬೇಕು. ಜಾಕೆಟ್ಟಿನ ಸೂಚನೆಗಳು ಕನ್ನಡದಲ್ಲಿರಬೇಕು.

4. ಒಂದು ದೋಣಿ ಕೆಟ್ಟರೆ ಇನ್ನೊಂದು ಸಿದ್ಧವಿರಬೇಕು. ಗುತ್ತಿಗೆಯಾದರೆ, ಓಡಿಸದ ದಿನಕ್ಕೆ ದಂಡವಿರಬೇಕು.

5. ಅಂಬಿಗ, ಖಾರ್ವಿ, ಹರಿಕಂತ್ರ, ಮೊಗವೀರ ಮನೆಗಳ ಯುವಕರಿಗೆ ತರಬೇತಿ ಕೊಟ್ಟು ಈ ಕೆಲಸಗಳನ್ನು ಕೊಡಬೇಕು. ಭರತ, ಇಳಿತ, ಮರಳದಿಬ್ಬಗಳ ಗುಟ್ಟು ಬಲ್ಲವರು ಅವರೇ.

6. ಎರಡೂ ದಕ್ಕೆಗಳಲ್ಲಿ ಮಾಡು, ದೀಪ, ಹೆಂಗಸರಿಗೆ ಶೌಚಾಲಯ ಬೇಕು.

ಇವುಗಳಲ್ಲಿ ಒಂದಕ್ಕೂ ಸೇತುವೆಯಷ್ಟು ದುಡ್ಡು ಬೇಡ, ಸೇತುವೆಯಷ್ಟು ವರ್ಷವೂ ಬೇಡ. ಮನಸ್ಸು ಬೇಕು, ಅಷ್ಟೇ.

ಬಂಧುಗಳೇ, ಒಂದೇ ಕರಾವಳಿಯ ಉತ್ತರದ ತುಂಡನ್ನು 1862ರಲ್ಲಿ ಬ್ರಿಟಿಷರು ಮುಂಬಯಿಗೆ ಕೊಟ್ಟರು, ದಕ್ಷಿಣದ ತುಂಡನ್ನು ಮದರಾಸಿನಲ್ಲೇ ಉಳಿಸಿದರು. 1956ರ ನವೆಂಬರ್ 1ರಂದು ನಕ್ಷೆಯಲ್ಲಿ ನಾವು ಒಂದಾದೆವು. ಹೊಳೆಯ ಈ ದಡದಿಂದ ಆ ದಡಕ್ಕೆ ಕನ್ನಡಿಗ ನಿರ್ಭಯವಾಗಿ ಹೊತ್ತಿಗೆ ಸರಿಯಾಗಿ ಹೋಗಿಬರುವ ದಿನವೇ ನೆಲದ ಮೇಲೆ ಒಂದಾದೇವು. ಈ ಸಲದ ರಾಜ್ಯೋತ್ಸವದಲ್ಲಿ ಧ್ವಜ ಹಾರಿಸಲು ಬರುವ ಮಂತ್ರಿಗಳನ್ನು ಕಾರಿನಲ್ಲಿ ಸುತ್ತಿಸಿ ಕರೆತರಬೇಡಿ. ಜನರ ಜೊತೆ ದಕ್ಕೆಯಲ್ಲಿ ನಿಲ್ಲಿಸಿ, ಅದೇ ದೋಣಿಯಲ್ಲಿ ದಾಟಿಸಿ. ಎಷ್ಟು ಹೊತ್ತು ಕಾಯಬೇಕಾಗುತ್ತದೆಂದು ಅವರಿಗೂ ಒಮ್ಮೆ ಗೊತ್ತಾಗಲಿ.