ಕೊಲ್ಲಾಪುರವೋ, ಕೊಲ್ಹಾಪುರವೋ?

ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವಾಗ ನಾನೊಂದು ತಪ್ಪು ಮಾಡಿದೆನು. ನಮ್ಮ ಜಿಲ್ಲೆಯ ಮುಖ್ಯ ಪಟ್ಟಣ ಯಾವುದೆಂಬ ಪ್ರಶ್ನೆಗೆ ಐದನೆಯ ಇಯತ್ತೆಯ ಬಾಲಕನೊಬ್ಬನು ‘ಕೊಲ್ಲಾಪುರ’ ಎಂದು ಬರೆದಿದ್ದನು. ಕೆಂಪು ಶಾಯಿಯಿಂದ ಲಕಾರದ ಒತ್ತನ್ನು ಹೊಡೆದು, ಹಕಾರದ ಒತ್ತನ್ನಿಟ್ಟು, ಅರ್ಧ ಅಂಕ ಕಳೆದೆನು. ಮರುದಿನ ಹುಡುಗನು ಮೇಜಿನ ಬಳಿ ಬಂದು ನಿಂತನು. “ಗುರುಗಳೇ, ನಮ್ಮ ಅಜ್ಜಿ ಕೊಲ್ಲಾಪುರದವ್ವಗ ಹೋಗೂಣು ಅಂತಾಳ್ರಿ. ಅಕಿ ತಪ್ಪು ಅಂತಾಳೇನ್ರಿ?”

ನಾಳೆ ಹೇಳುತ್ತೇನೆಂದು ಕಳುಹಿಸಿದೆನು. ಶಿಕ್ಷಕನಾದವನಿಗೆ ‘ನಾಳೆ’ ಎಂಬುದು ದೊಡ್ಡ ಆಸರೆ.

ಅಜ್ಜಿಯದು ತಪ್ಪಲ್ಲ. ಶಿಲಾಹಾರರ ಕಾಲದ ಶಾಸನಗಳಲ್ಲಿ ಈ ಊರು ‘ಕೊಲ್ಲಾಪುರ’ವೇ. ಮರಾಠಿಯ ನಾಲಿಗೆಗೆ ಲ್ಹ, ಮ್ಹ, ನ್ಹಗಳು ಸಹಜವಾದವು. ‘ಕೋಲ್ಹಾ’ ಎಂದರೆ ಅಲ್ಲಿ ನರಿ. ಕನ್ನಡದ ನಾಲಿಗೆಗೆ ಅವು ಒಗ್ಗಲಿಲ್ಲ. ಒಂದೇ ಊರನ್ನು ಎರಡು ಭಾಷೆಗಳು ಒಂದು ಉಸಿರಿನ ಅಂತರದಲ್ಲಿ ಕರೆಯುತ್ತವೆ, ಅಷ್ಟೆ. ಗಡಹಿಂಗ್ಲಜದ ಅವಸ್ಥೆ ಇನ್ನೂ ವಿಚಿತ್ರ. ನಮ್ಮ ಹುಡುಗರು ಆತುರದಲ್ಲಿ ಹಕಾರವನ್ನು ನುಂಗಿ ‘ಗಡಿಂಗ್ಲಜ’ ಎನ್ನುತ್ತಾರೆ. ಇಂಗ್ಲಿಷ್ ಫಲಕ ಓದುವ ಪರಸ್ಥಳದವರು ಡಕಾರ ಹಕಾರಗಳನ್ನು ಬೆಸೆದು ‘ಗಧಿಂಗ್ಲಜ’ ಮಾಡುತ್ತಾರೆ. ಇಚಲಕರಂಜಿಯವರು ಮಾತ್ರ ಪುಣ್ಯವಂತರು. ಅವರ ಊರಿನಲ್ಲಿ ಹಕಾರವೇ ಇಲ್ಲ.

ಈ ಹಕಾರವು ಎಲ್ಲ ದೇಶಗಳಲ್ಲಿಯೂ ಹೀಗೆಯೇ ಬಂದು ಹೋಗುವ ಅತಿಥಿ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅವೇ ಆಲು, ಉಲಿ ಎಂದೂ ಕೇಳಿಬರುತ್ತವೆ. ಗ್ರೀಕರಲ್ಲಿಯೂ ಇದೇ ನಡೆಯಿತು. ನಮ್ಮ ‘ಸಪ್ತ’ಕ್ಕೆ ಸಾಟಿಯಾದ ಅವರ ಮಾತು ಪ್ರಾಚೀನ ಕಾಲದಲ್ಲಿ ‘ಹೆಪ್ತ’, ಇಂದು ‘ಎಫ್ತ’. ಸಿಂಧುವನ್ನು ಪಾರಸಿಕರು ಹಿಂದು ಎಂದರು. ಏಷ್ಯಾ ಮೈನರಿನ ಅಯೋನಿಯದ ಗ್ರೀಕರು ಹಕಾರವನ್ನು ಕಳೆದುಕೊಂಡವರಾದುದರಿಂದ ಅದನ್ನು ‘ಇಂದೋಸ್’ ಎಂದರು. ಅದರಿಂದಲೇ ‘ಇಂಡಿಯಾ’ ಹುಟ್ಟಿತು.

ಹಕಾರವನ್ನು ಬರೆಯಲು ಗ್ರೀಕರಲ್ಲಿ ಮೊದಲು ಎರಡು ಕಂಬಗಳ ನಡುವೆ ಅಡ್ಡಪಟ್ಟಿಯಿರುವ, ಇಂಗ್ಲಿಷಿನ ‘ಎಚ್’ ಆಕಾರದ ಅಕ್ಷರವಿತ್ತು. ಹಕಾರವೇ ಇಲ್ಲದ ಅಯೋನಿಯದವರು ಆ ಅಕ್ಷರವನ್ನು ದೀರ್ಘ ಏಕಾರಕ್ಕೆ ಬಳಸಿಕೊಂಡರು. ಕ್ರಿ.ಪೂ. 403ರ ಸುಮಾರಿಗೆ ಅಥೆನ್ಸ್ ನಗರವೂ ಅಯೋನಿಯದ ವರ್ಣಮಾಲೆಯನ್ನೇ ಸ್ವೀಕರಿಸಿತು. ಬಾಯಲ್ಲಿ ಹಕಾರ ಉಳಿಯಿತು, ಬರೆಯಲು ಅಕ್ಷರ ಹೋಯಿತು! ದಕ್ಷಿಣ ಇಟಲಿಯ ಗ್ರೀಕರು ಆ ಹಳೆಯ ಅಕ್ಷರವನ್ನು ನಟ್ಟನಡುವೆ ಸೀಳಿ ಎಡಭಾಗವನ್ನು ಹಕಾರಕ್ಕೆ ಇಟ್ಟುಕೊಂಡರು. ಮುಂದೆ ಅಲೆಕ್ಸಾಂಡ್ರಿಯದ ವೈಯಾಕರಣರು ಎಡಭಾಗವನ್ನು ಕಿರಿದು ಮಾಡಿ ಸ್ವರದ ನೆತ್ತಿಯ ಮೇಲೆ ಕೂರಿಸಿದರು: ಇಲ್ಲಿ ಉಸಿರುಂಟು. ಬಲಭಾಗವನ್ನಿಟ್ಟರೆ, ಇಲ್ಲಿ ಉಸಿರಿಲ್ಲ. ಕ್ರಮೇಣ ಅವೆರಡೂ ಅಲ್ಪವಿರಾಮದಂತಹ ಪುಟ್ಟ ಕೊಕ್ಕೆಗಳಾದವು. ಇವಕ್ಕೆ ಅವರು ಕೊಟ್ಟ ಹೆಸರು ‘ಪ್ನೆವ್ಮ’, ಎಂದರೆ ಉಸಿರು. ನಮ್ಮವರು ‘ಪ್ರಾಣ’ ಎಂದುದೂ ಅದನ್ನೇ. ದಕಾರದ ಹೊಟ್ಟೆ ಸೀಳಿ ಧಕಾರ, ಬಕಾರದ ಹೊಟ್ಟೆ ಸೀಳಿ ಭಕಾರ ಮಾಡಲು ನಾವು ಮಕ್ಕಳಿಗೆ ಕಲಿಸುವುದು ನೆನಪಾಗುವುದಿಲ್ಲವೇ?

ಗ್ರೀಕರ ಮಾತು ನಮಗೇಕೆಂದು ಕೇಳುವವರು ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಬರಬೇಕು. ಪಂಚಗಂಗೆಯ ದಡದ ಬ್ರಹ್ಮಪುರಿ ದಿಬ್ಬದಲ್ಲಿ ದೊರೆತ, ಗ್ರೀಕರ ಸಮುದ್ರದೇವತೆ ಪೊಸಿಡಾನನ ಗೇಣುದ್ದವೂ ಇಲ್ಲದ ಕಂಚಿನ ಮೂರ್ತಿ ಅಲ್ಲಿದೆ. ಕೊಲ್ಹಾಪುರದ ಹಳೆಯ ನಾಣ್ಯಗಳ ಮೇಲೆ ‘ವಿಳಿವಾಯಕುರ’ನೆಂಬ ರಾಜನ ಹೆಸರಿದೆ. ಕ್ರಿ.ಶ. 150ರ ಸುಮಾರಿಗೆ ಭೂಗೋಳ ಬರೆದ ಟಾಲೆಮಿಯು ‘ಬಲೆಯೊಕೂರೋಸ್’ ಎಂಬವನ ರಾಜಧಾನಿ ‘ಹಿಪ್ಪೊಕೂರ’ ಎನ್ನುತ್ತಾನೆ. ಇವನೇ ಅವನೆಂದೂ ಆ ಊರು ಕೊಲ್ಹಾಪುರವೆಂದೂ ರಾ. ಗೋ. ಭಾಂಡಾರಕರರು ಊಹಿಸಿದರು. ಬೇರೆ ಊರನ್ನು ಹೇಳುವ ಪಂಡಿತರೂ ಇದ್ದಾರೆ. ನನಗೂ ಪೂರ್ಣ ನಂಬಿಕೆಯಿಲ್ಲ. ಆದರೆ ಗ್ರೀಕ್ ಪುಸ್ತಕದಲ್ಲಿ ಆ ಹೆಸರಿನ ಮೊದಲ ಸ್ವರದ ಮೇಲೆ ಉಸಿರಿನ ಕೊಕ್ಕೆ ಇದೆ. ‘ಹಿಪ್ಪೋಸ್’ ಎಂದರೆ ಅವರಲ್ಲಿ ಕುದುರೆ. ಯಾವುದೋ ದಖ್ಖನದ ಹೆಸರು ಅವರ ಕಿವಿಗೆ ಕುದುರೆಯಾಗಿ ಕೇಳಿಸಿರಬೇಕು, ಮರಾಠಿ ಮಕ್ಕಳಿಗೆ ಕೊಲ್ಹಾಪುರದಲ್ಲಿ ನರಿ ಕೇಳಿಸುವಂತೆ.

ಕ್ರಿ.ಶ. 4ನೆಯ ಶತಮಾನದ ಹೊತ್ತಿಗೆ ಗ್ರೀಕರ ಬಾಯಿಂದ ಹಕಾರ ಪೂರ್ತಿ ಹೋಗಿತ್ತು. ಕೊಕ್ಕೆ ಹೋಗಲಿಲ್ಲ. ಯಾರೂ ಉಸಿರದ ಉಸಿರಿಗೆ ಗುರುತು ಹಾಕುವುದನ್ನು ಅಲ್ಲಿಯ ಮಕ್ಕಳು ಸಾವಿರದ ಐನೂರು ವರ್ಷಗಳಿಗೂ ಮಿಗಿಲಾಗಿ ಬಾಯಿಪಾಠ ಮಾಡಿದರು. 1982ರಲ್ಲಿ ಸರಕಾರವು ಶಾಲೆಗಳಿಂದ ಅದನ್ನು ತೆಗೆದುಹಾಕಿತು. ಎಷ್ಟು ಕೆಂಪು ಶಾಯಿ ವ್ಯರ್ಥವಾಗಿರಬೇಕು!

ನಮ್ಮಲ್ಲಿಯೂ ಮಹಾಪ್ರಾಣಗಳು ಸಾಮಾನ್ಯ ಕನ್ನಡಿಗರ ಉಚ್ಚಾರದಲ್ಲಿ ಇಲ್ಲ, ಆದುದರಿಂದ ಬರಹದಲ್ಲಿಯೂ ಬೇಡವೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ಅದು ತಿರಸ್ಕರಿಸತಕ್ಕ ವಾದವಲ್ಲ. ಬೆಂಗಳೂರಿನಲ್ಲಿದ್ದರೆ ನಾನೂ ತಲೆದೂಗುತ್ತಿದ್ದೆನೇನೋ. ಆದರೆ ಗಡಿಯ ನಮ್ಮ ಮಗು ಕನ್ನಡದ ತಾಸು ಮುಗಿದೊಡನೆ ಮರಾಠಿಯ ತಾಸಿಗೆ ಕೂರುತ್ತದೆ. ಅಲ್ಲಿ ಭಾಕರಿ, ಘರ, ಧಾನ್ಯಗಳಲ್ಲಿ ಆ ಉಸಿರು ಇನ್ನೂ ಬಿಸಿಯಾಗಿದೆ. ಬೇರೆಡೆಯ ಶಿಕ್ಷಕನು ಗ್ರೀಕರ ಕೊಕ್ಕೆಯಂತೆ ಬಾಯಿಪಾಠ ಮಾಡಿಸಬೇಕಾದುದನ್ನು ಇಲ್ಲಿ ಕಿವಿಯೇ ಕಲಿಸುತ್ತದೆ. ‘ದನ’ಕ್ಕೂ ‘ಧನ’ಕ್ಕೂ ಭೇದ ತಿಳಿಸಲು ನಾನು ಮರಾಠಿ ಗುರುಗಳನ್ನು ನಮ್ಮ ವರ್ಗಕ್ಕೆ ಕರೆದು ಎರಡು ಸಲ ಹೇಳಿಸಿದ್ದುಂಟು. ಎರಡು ಭಾಷೆಗಳ ನಡುವಿನ ಮಕ್ಕಳ ಕಷ್ಟವನ್ನು ನಾವು ಬಹಳ ಹೇಳಿಕೊಳ್ಳುತ್ತೇವೆ. ಈ ಒಂದು ಲಾಭವನ್ನು ಯಾರೂ ಹೇಳುವುದಿಲ್ಲ.

ಮರುದಿನ ಹುಡುಗನನ್ನು ಕರೆದು ಹಲಗೆಯ ಮೇಲೆ ಎರಡು ಹೆಸರುಗಳನ್ನೂ ಬರೆಸಿದೆನು. ಅಜ್ಜಿಯ ಕೊಲ್ಲಾಪುರಕ್ಕೆ ಕಳೆದಿದ್ದ ಅರ್ಧ ಅಂಕವನ್ನು ಹಿಂದಿರುಗಿಸಿ, ಎಲ್ಲರೆದುರು ತಪ್ಪು ನನ್ನದೆಂದು ಹೇಳಿದೆನು. ಆಗ ಅವನು ಮೆಲ್ಲನೆ ಪತ್ರಿಕೆಯ ಇನ್ನೊಂದು ಮಗ್ಗುಲನ್ನು ತೋರಿಸಿದನು. ಅಲ್ಲಿ ‘ಬಾರತ’ ಎಂದು ಬರೆದುದಕ್ಕೂ ಅರ್ಧ ಅಂಕ ಹೋಗಿತ್ತು. ಅದನ್ನು ಮಾತ್ರ ಕೊಡಲಿಲ್ಲ.