ಟೊಮ್ಯಾಟೊ ತುಟ್ಟಿ ಆದ್ರ ಗದ್ದಲ, ಸೋವಿ ಆದ್ರ ಗಪ್‌ಚುಪ್ಪು!

ವೈನಿ, ಮಾಮಿ, ಓಣ್ಯಾಗಿನ ಅಕ್ಕ-ತಂಗ್ಯಾರೆಲ್ಲಾ, ಸಿಟ್ಟಿಗೇಳಬ್ಯಾಡ್ರಿ. ಇವತ್ತ ನಾ ನಮ್ಮ-ನಮ್ಮ ಮ್ಯಾಲೇ ಜಗಳಾ ತಗದೇನಿ.

2023ರ ಜುಲೈದಾಗ ಟೊಮ್ಯಾಟೊ ಕಿಲೋಕ್ಕ ನೂರು ದಾಟಿತ್ತು, ನೆನಪದ ಅಲ್ಲಾ? ಕೋಲಾರದ ಮಾರ್ಕೆಟ್ಟಿನ್ಯಾಗ 15 ಕಿಲೋದ ಬಾಕ್ಸು 2000 ರೂಪಾಯಿ ಮುಟ್ಟಿತ್ತು. ಮನಿ ಮನ್ಯಾಗ ಒಂದ ಹಾಡು, ಫೋನಿನ್ಯಾಗೆಲ್ಲಾ ಟೊಮ್ಯಾಟೊ ಜೋಕು. ಮುಂದ ಎರಡು ತಿಂಗಳದಾಗ ರೇಟು ಧೊಪ್ಪಂತ ಬಿತ್ತು. ಆಗ ಯಾರರೆ ಬಾಯಿ ಬಿಟ್ರೇನು? ಕಿತ್ತ ಕೂಲಿನೂ ಹುಟ್ಟೂದಿಲ್ಲಂತ ರೈತರು ಹಣ್ಣು ರಸ್ತಾದಾಗ ಸುರವೂ ಫೋಟೋ ವರ್ಷಾ ವರ್ಷಾ ಬರ್ತಾವ. ನಾವು 'ಅಯ್ಯ ಪಾಪ' ಅಂತೀವಿ, ಮರುದಿನ ಹತ್ತು ರೂಪಾಯಿ ಕಿಲೋ ಹಣ್ಣಿಗೂ ಕಾಯಿಪಲ್ಲೆಯಾಕಿ ಕೂಡ ಚೌಕಾಶಿ ಮಾಡ್ತೀವಿ.

ಅದಕ್ಕ ನಾ ಅನ್ನೂದು, ಮನಿಗೊಂದೆರಡು ಟೊಮ್ಯಾಟೊ ಗಿಡಾ ಇರಲೇಬೇಕು. ರೊಕ್ಕಾ ಉಳೀತದಂತ ಹೇಳೂದಿಲ್ಲ. ಬಕೀಟು, ಮಣ್ಣು, ಗೊಬ್ಬರದ ಲೆಕ್ಕಾ ಹಾಕಿದ್ರ, ಎರಡು ಗಿಡಕ್ಕ ನಾಲ್ಕು ಕಿಲೋ ಬಂದ್ರೂ ಲಾಭ ಏನಿಲ್ಲ. ಆದ್ರ ಒಂದು ಹಣ್ಣು ಕೆಂಪಗಾಗಲಿಕ್ಕೆ ಏನೇನ ಬೇಕಂತ ತಿಳೀತದ. ಬೀಜಾ ಹಾಕಿ 25 ದಿನಕ್ಕ ಸಸಿ ನಡಬೇಕು. ದಿನಾ ಆರು ತಾಸು ಬಿಸಲು ಬೇಕು, ಆಸರಕ್ಕ ಕೋಲು ಬೇಕು. ಮುಂದ ಎರಡು ತಿಂಗಳ ಮ್ಯಾಲೆ ಹಣ್ಣು. ಒಂದು ದಿನ ನೀರು ಮರತು ಮರುದಿನ ಕೊಡಾ ಸುರವಿದ್ರ ಕಾಯಿ ಬುಡಾ ಕರ್ರಗಾಗ್ತದ, ಹಣ್ಣು ಸೀಳ್ತದ. ಬಿಳಿ ನೊಣಾ ಬಂತಂದ್ರ ಎಲಿ ಮುದುಡಿ ಗಿಡಾನ ಕಿತ್ತ ಒಗೀಬೇಕಾಗ್ತದ. ಏಪ್ರಿಲ್-ಮೇ ಬಿಸಲಿಗೆ ಹೂವೆಲ್ಲಾ ಉದರ್ತಾವ. ನಮ್ಮ ಒಂದು ಗಿಡಾ ಹೋದ್ರ ನಮಗ ಊಟಾ ಸೇರೂದಿಲ್ಲ. ಸಾಲಾ ಮಾಡಿ ಎಕರೆಗಟ್ಟಲೆ ಹಚ್ಚಿದಾಂವನ ಹೊಟ್ಟಿ ಎಷ್ಟ ಉರೀಬೇಕು?

'ನಮಗ ಇದ್ದ ಕೆಲಸಾನ ಮುಗ್ಯೂದಿಲ್ಲ, ಇದೊಂದು ಬ್ಯಾರೆ' ಅಂತೀರಿ, ಗೊತ್ತದ. ಖರೇನ ಅದ. ಅದಕ್ಕ ನೀರು ಹಾಕೂ ಕೆಲಸಾ ಮನಿ ಗಂಡಸರಿಗೆ ಹಚ್ಚರಿ! ಮುಂಜಾನೆ ಪೇಪರ್ ಹಿಡಕೊಂಡು ಕೂಡೂ ಕೈಗೆ ಒಂದು ತಂಬಿಗಿ ಭಾರ ಆಗೂದಿಲ್ಲ.

ಇನ್ನ ಅಡಿಗಿ ಮನಿ ಮಾತು. ಎಲ್ಲಾದಕ್ಕೂ ಟೊಮ್ಯಾಟೊ ಯಾಕ ಬೇಕ್ರಿ? ಇದು ದಕ್ಷಿಣ ಅಮೆರಿಕಾದ ಕಡೆಯಿಂದ ಬಂದ ಕಾಯಿ. ಅದಕ್ಕಿಂತ ಮೊದಲೂ ನಮ್ಮವರು ಹುಣಸಿಹಣ್ಣಿನ ಸಾರು ಉಂಡೇ ಬದಕ್ಯಾರ. ಶ್ರಾದ್ಧದ ಅಡಿಗಿಗೆ ಇವತ್ತಿಗೂ ಭಾಳ ಮನ್ಯಾಗ ಟೊಮ್ಯಾಟೊ ಮುಟ್ಟೂದಿಲ್ಲ. ಆ ಸಾರು ಸುರಕೊಂಡು ಸುರಕೊಂಡು ಕುಡೀತೀವಿ ಹೌದಿಲ್ಲೋ? ಮತ್ತ ತುಟ್ಟಿ ಆದಾಗ ಎರಡು ತಿಂಗಳು ಹುಣಸಿಹಣ್ಣು ಕಿವುಚಿದ್ರ ಏನ ಹೋಗ್ತದ?

ಸೋವಿ ಇದ್ದಾಗ ಮಾತ್ರ ಕೈ ಬಿಚ್ಚರಿ. ಎರಡು ಕಿಲೋ ಬದಲಿ ಐದು ಕಿಲೋ ತಗೋರಿ, ಚೌಕಾಶಿ ಬ್ಯಾಡ. ಹೆಚ್ಚಿ, ಎಣ್ಣ್ಯಾಗ ಉಪ್ಪು, ಖಾರಾ, ಮೆಂತ್ಯದ ಪುಡಿ ಹಾಕಿ, ಎಣ್ಣಿ ಬಿಡೂ ತನಕಾ ಕುದಿಸಿ ತೊಕ್ಕು ಮಾಡ್ರಿ. ಒಣಾ ಬಾಟ್ಲಿಗೆ ಹಾಕಿ ಫ್ರಿಜ್ಜಿನ್ಯಾಗ ಇಟ್ರ ತುಟ್ಟಿ ದಿನಕ್ಕ ಆಗ್ತದ. ಹಸಿ ಹಣ್ಣು ಮಾತ್ರ ಫ್ರಿಜ್ಜಿಗೆ ತುರಕಬ್ಯಾಡ್ರಿ, ಥಂಡಿಗೆ ಅದರ ವಾಸನಿ, ರುಚಿ ಎರಡೂ ಸಾಯ್ತಾವ. ಬುಟ್ಟ್ಯಾಗ ಗಾಳಿಗೆ ಇಡ್ರಿ.

ಮತ್ತ ಮನಿ ಗಿಡದ್ದು ಖರೇ ಲಾಭಾ ಅಂದ್ರ ಹಸರು ಕಾಯಿ. ಪ್ಯಾಟ್ಯಾಗ ಬೇಕಂದಾಗ ಎಲ್ಲಿ ಸಿಗ್ತದ? ನಾಲ್ಕು ಕಾಯಿ ಕಿತ್ತು, ಹಸಿಮೆಣಸಿನಕಾಯಿ ಕೂಡ ಹುರದು, ಹುರದ ಶೇಂಗಾ, ಬಳ್ಳೊಳ್ಳಿ, ಚೂರು ಬೆಲ್ಲಾ ಹಾಕಿ ಕುಟ್ಟರಿ. ಬಿಸಿ ಜ್ವಾಳದ ರೊಟ್ಟಿಗೆ ಹಚಕೊಂಡು ತಿಂದ ಮ್ಯಾಲೆ ನನ್ನ ಬೈಯೂದಿದ್ರ ಬೈಯ್ರಿ.

ಮುಂದಿನ ಸರ್ತೆ ರೇಟು ಏರಿದಾಗ ಗದ್ದಲಾ ಮಾಡೂಕಿಂತ ಮೊದಲ, ಬಿದ್ದಾಗ ನಾವು ಎಷ್ಟ ಕಿಲೋ ಕೊಂಡಿದ್ವಿ ಅಂತ ಲೆಕ್ಕಾ ಹಾಕೋಣು.