ಬ್ಯಾಂಕಾಕಿಗೆ ಹೋದರೆ ದೋಣಿ ಹತ್ತಿ

ಪ್ಯಾಕೇಜ್ ಟೂರಿನಲ್ಲಿ ಬ್ಯಾಂಕಾಕಿಗೆ ಹೋಗಿ ಬಂದವರನ್ನು ‘ಏನೇನು ನೋಡಿದಿರಿ?’ ಎಂದು ಕೇಳಿ ನೋಡಿ. ಪಟ್ಟಾಯದ ಕಡಲತೀರ, ಒಂದು ಮೃಗಾಲಯ, ಎರಡು ಮಾಲ್, ಹರಳಿನ ಒಡವೆಗಳ ದೊಡ್ಡದೊಂದು ಅಂಗಡಿ. ಇಷ್ಟು ಹೇಳಿ ಸುಮ್ಮನಾಗುತ್ತಾರೆ. ಮಿಕ್ಕಿದ್ದೆಲ್ಲ ಬಸ್ಸಿನ ಗಾಜಿನಾಚೆ ನಿಂತುಬಿಟ್ಟ ಟ್ರಾಫಿಕ್ಕು. ಖರ್ಚಾದ ಹಣದ ಲೆಕ್ಕ ಮಾತ್ರ ಪೈಸೆ ಬಿಡದೆ ನೆನಪಿರುತ್ತದೆ.

ಆದರೆ ಈಗ ಇನ್ನೊಂದು ಬಗೆಯ ಪ್ರಯಾಣಿಕರು ಹುಟ್ಟಿಕೊಂಡಿದ್ದಾರೆ. ಕೆಲಸಕ್ಕೆ ಸೇರಿ ಒಂದೆರಡು ವರ್ಷವಾಗಿದೆ, ಸಂಬಳದಲ್ಲಿ ಅಷ್ಟಿಷ್ಟು ಉಳಿಸಿದ್ದಾರೆ, ಬೆನ್ನಿಗೊಂದು ಚೀಲ ಏರಿಸಿ ಮೊದಲ ಸಲ ಹೊರದೇಶ ನೋಡಬೇಕೆಂಬ ಆಸೆ ಇದೆ. ‘ಬ್ಯಾಂಕಾಕಿನಲ್ಲಿ ನಾಲ್ಕು ದಿನ ಏನು ಮಾಡುವುದು?’ ಎನ್ನುವುದು ಇವರ ಪ್ರಶ್ನೆ. ನನ್ನ ಉತ್ತರ ಎರಡೇ ಪದ: ದೋಣಿ ಹತ್ತಿ.

ಇದಕ್ಕೆ ಕಾರಣ ಉಂಟು. ಆ ಊರು ಹುಟ್ಟಿದ್ದೇ ನೀರಿನ ಮೇಲೆ. 1782ರಲ್ಲಿ ಮೊದಲನೆಯ ರಾಮ ಎನಿಸಿಕೊಂಡ ದೊರೆ ಚಾವೊ ಫ್ರಾಯಾ ನದಿಯ ಪೂರ್ವ ದಡದಲ್ಲಿ ರಾಜಧಾನಿ ಕಟ್ಟಿದಾಗ ಅಲ್ಲಿ ಬೀದಿಗಳ ಕೆಲಸವನ್ನು ಮಾಡುತ್ತಿದ್ದುದು ಕಾಲುವೆಗಳು. ಥಾಯ್ ಭಾಷೆಯಲ್ಲಿ ಕಾಲುವೆಗೆ ‘ಕ್ಲೋಂಗ್’ ಎನ್ನುತ್ತಾರೆ. ಮನೆ, ಸಂತೆ, ದೇವಾಲಯ ಎಲ್ಲಕ್ಕೂ ಮುಂಬಾಗಿಲು ನೀರಿನ ಕಡೆಗೆ. ಚರೋನ್ ಕ್ರುಂಗ್ ಎಂಬ ಮೊದಲ ಹೊಸ ಬಗೆಯ ರಸ್ತೆ ಬಂದದ್ದು 1860ರ ದಶಕದಲ್ಲಿ. ಆಮೇಲೆ ಒಂದೊಂದೇ ಕಾಲುವೆಗೆ ಮಣ್ಣು ತುಂಬಿ ರಸ್ತೆ ಮಾಡಿದರು. ಹೀಗಾಗಿ ಇಂದು ರಸ್ತೆಯಲ್ಲಿ ಹೋಗುವವನಿಗೆ ಊರಿನ ಬೆನ್ನು ಕಾಣುತ್ತದೆ, ನೀರಿನಲ್ಲಿ ಹೋಗುವವನಿಗೆ ಮುಖ ಕಾಣುತ್ತದೆ. ದೋಣಿಯ ಟಿಕೆಟ್ಟು ಟ್ಯಾಕ್ಸಿಗಿಂತ ಎಷ್ಟೋ ಅಗ್ಗ ಎಂಬುದು ಮೇಲಿನ ಲಾಭ.

ಇಳಿದ ದಿನದಿಂದಲೇ ಶುರು ಮಾಡಬಹುದು. ನೀವಿಳಿಯುವ ದೊಡ್ಡ ವಿಮಾನ ನಿಲ್ದಾಣದ ಹೆಸರು ‘ಸುವರ್ಣಭೂಮಿ’. ಅಲ್ಲಿಂದ ಊರೊಳಗಿನ ಫಾಯಾ ಥಾಯ್‌ವರೆಗೆ ರೈಲಿದೆ. ಮುಂದೆ ‘ಸ್ಕೈಟ್ರೇನ್’ ಹಿಡಿದು, ನಡುವೆ ಸಿಯಾಮ್‌ನಲ್ಲಿ ಗಾಡಿ ಬದಲಿಸಿದರೆ ಸಫಾನ್ ತಾಕ್ಸಿನ್ ನಿಲ್ದಾಣ. ಅದರ ಮೆಟ್ಟಿಲಿಳಿದರೆ ಸಾಥೋನ್ ದೋಣಿಕಟ್ಟೆ. ನೀಲಿ ಬಾವುಟದ ದೋಣಿ ಪ್ರವಾಸಿಗಳದ್ದು, ಬೆಲೆ ಹೆಚ್ಚು. ಕಿತ್ತಳೆ ಬಾವುಟದ್ದು ಊರಿನವರದ್ದು. ಶಾಲೆಯ ಮಕ್ಕಳು, ಗುಮಾಸ್ತರು, ಕಾವಿಯ ಭಿಕ್ಷುಗಳು ಎಲ್ಲರೂ ಅದರಲ್ಲಿರುತ್ತಾರೆ. ಭಿಕ್ಷುಗಳಿಗೆಂದು ಬಿಟ್ಟ ಜಾಗದಲ್ಲಿ ನಿಲ್ಲಬೇಡಿ. ಹೆಂಗಸರು ಅವರಿಗೆ ಮೈ ತಾಕದಂತೆ ನೋಡಿಕೊಳ್ಳುವುದು ಅಲ್ಲಿನ ನಡವಳಿಕೆ. ಕತ್ತಲಾದ ಮೇಲೆ ಈ ದೋಣಿಗಳನ್ನು ನಂಬಿಕೊಳ್ಳಬೇಡಿ, ಹಗಲಲ್ಲೇ ಊರು ಸೇರುವ ವಿಮಾನ ಹಿಡಿಯಿರಿ.

ಫ್ರಾ ಆಥಿತ್ ಕಟ್ಟೆಯಲ್ಲಿ ಇಳಿಯಿರಿ. ಆಥಿತ್ ಎಂದರೆ ಬೇರೇನಲ್ಲ, ನಮ್ಮ ಆದಿತ್ಯ. ಹತ್ತು ನಿಮಿಷ ನಡೆದರೆ ಖಾವ್ ಸಾನ್ ಬೀದಿ. ಖಾವ್ ಸಾನ್ ಅಂದರೆ ಅಕ್ಕಿ. ಒಂದು ಕಾಲಕ್ಕೆ ಅದು ನಮ್ಮ ಅಕ್ಕಿಪೇಟೆಯ ಹಾಗೆ ಅಕ್ಕಿ ವ್ಯಾಪಾರದ ಬೀದಿ. 1980ರ ದಶಕದಿಂದ ಜಗತ್ತಿನ ಬೆನ್ನುಚೀಲದವರೆಲ್ಲ ಬಂದಿಳಿಯುವ ತಾಣ. ಅಗ್ಗದ ಕೋಣೆಗಳು ಸುತ್ತಮುತ್ತ ಬೇಕಾದಷ್ಟಿವೆ. ಬೀದಿಯಲ್ಲಿ ರಾತ್ರಿ ಗದ್ದಲ ಜೋರು, ಆದ್ದರಿಂದ ಒಂದೆರಡು ಗಲ್ಲಿ ಆಚೆ ಕೋಣೆ ಹಿಡಿದರೆ ನಿದ್ದೆ ಉಳಿಯುತ್ತದೆ.

ಎರಡನೆಯ ದಿನ ಬೆಳಿಗ್ಗೆ ಬೇಗ ಅರಮನೆಗೆ ಹೋಗಿ. ಅದಕ್ಕೆ ಥಾ ಚಾಂಗ್ ಕಟ್ಟೆ. ಹೆಗಲು, ಮಂಡಿ ಮುಚ್ಚುವ ಬಟ್ಟೆ ಇರಲಿ, ಚಡ್ಡಿಯಲ್ಲಿ ಒಳಗೆ ಬಿಡುವುದಿಲ್ಲ. ದಾರಿಯಲ್ಲಿ ಸಭ್ಯನಂತೆ ಕಾಣುವ ಒಬ್ಬ ‘ಇವತ್ತು ಅರಮನೆ ಬಾಗಿಲು ಹಾಕಿದೆ, ಬನ್ನಿ, ಬೇರೆ ಗುಡಿ ತೋರಿಸುತ್ತೇನೆ’ ಎಂದು ಅಗ್ಗದ ದರಕ್ಕೆ ಟುಕ್-ಟುಕ್ ಹತ್ತಿಸಲು ನೋಡಿದರೆ ನಕ್ಕು ಮುಂದೆ ನಡೆಯಿರಿ. ಅವನ ಗುಡಿಯ ದಾರಿ ಹರಳಿನ ಅಂಗಡಿಯಲ್ಲಿ ಕೊನೆಯಾಗುತ್ತದೆ. ಬಾಗಿಲು ತೆರೆದಿದೆಯೋ ಇಲ್ಲವೋ ಎಂಬುದನ್ನು ಬಾಗಿಲಿಗೇ ಹೋಗಿ ನೋಡಿ.

ಅರಮನೆಯ ಆವರಣದಲ್ಲೇ ಪಚ್ಚೆ ಬುದ್ಧನ ಗುಡಿ. ಜನ ಬುದ್ಧನನ್ನು ನೋಡಿ ಹೊರಟುಬಿಡುತ್ತಾರೆ. ನೀವು ಪ್ರಾಕಾರದ ಗೋಡೆ ಹಿಡಿದು ಒಂದು ಸುತ್ತು ಬನ್ನಿ. 178 ಚಿತ್ರಗಳಲ್ಲಿ ಇಡೀ ರಾಮಾಯಣ ಅಲ್ಲಿದೆ. ಅವರು ಅದನ್ನು ‘ರಾಮಕಿಯನ್’ ಎನ್ನುತ್ತಾರೆ. ಅಲ್ಲಿ ರಾವಣ ‘ಥೋತ್ಸಕಾನ್’, ಅಂದರೆ ದಶಕಂಠ. ಸೀತೆ ಅವನದೇ ಮಗಳು. ನಮ್ಮ ಬ್ರಹ್ಮಚಾರಿ ಹನುಮಂತ ಅಲ್ಲಿ ರಸಿಕ, ಸುವರ್ಣಮತ್ಸ್ಯ ಎಂಬ ಮೀನುಕನ್ಯೆಯ ಕೈಹಿಡಿದು ಒಬ್ಬ ಮಗನನ್ನೂ ಪಡೆದವನು! ಕತೆ ಗೊತ್ತಿದ್ದೂ ಪ್ರತಿ ಚಿತ್ರದ ಮುಂದೆ ಬೆರಗಾಗುವ ಸುಖ ಭಾರತದಿಂದ ಹೋದವರಿಗೆ ಮೀಸಲು.

ಮುಂದಿನ ಕಟ್ಟೆ ಥಾ ತಿಯೆನ್. ಎದುರಿಗೇ ವಾತ್ ಪೋ. 46 ಮೀಟರ್ ಉದ್ದದ ಮಲಗಿದ ಬುದ್ಧ, ಅಂಗಾಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿ ಬಿಡಿಸಿದ 108 ಶುಭಚಿಹ್ನೆಗಳು. ಇದೇ ಗುಡಿಯ ಕಲ್ಲುಗಳ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಮೂರನೆಯ ರಾಮ ದೊರೆ ವೈದ್ಯ, ಅಂಗಮರ್ದನ ಮುಂತಾದ ವಿದ್ಯೆಗಳನ್ನು ಕೆತ್ತಿಸಿದ. ಯಾರು ಬೇಕಾದರೂ ಓದಿ ಕಲಿಯಲಿ ಎಂದು. ಅಂಗಳದ ಪುಟ್ಟ ಗುಡ್ಡದ ಮೇಲೆ ಯೋಗಾಸನದಂಥ ಭಂಗಿಗಳಲ್ಲಿ ಕೈಕಾಲು ಹೊಸೆದು ಕೂತ ಬೊಂಬೆಗಳಿವೆ. ಅವರನ್ನು ‘ರೂಸಿ’ಗಳು ಎನ್ನುತ್ತಾರೆ. ಋಷಿ ಎಂದು ಬಿಡಿಸಿ ಹೇಳಬೇಕಿಲ್ಲವಷ್ಟೆ. ನಡೆದು ಸೋತ ಕಾಲಿಗೆ ಅಲ್ಲಿಯೇ ಮಾಲೀಶು ಸಿಗುತ್ತದೆ, ಮಾಡುವವರು ಆ ಗುಡಿಯ ಶಾಲೆಯಲ್ಲೇ ಕಲಿತವರು. ಸಂಜೆಗೆ ಥಾ ತಿಯೆನ್‌ನಿಂದ ಚಿಲ್ಲರೆ ಕಾಸಿಗೆ ಹಾಯಿಸುವ ದೋಣಿಯಲ್ಲಿ ಎದುರು ದಡದ ವಾತ್ ಅರುಣ್‌ಗೆ ಹೋಗಿ. ಅರುಣನ ಹೆಸರಿನ ಈ ಗೋಪುರದ ಮೈತುಂಬ ಚೀನಾ ಪಿಂಗಾಣಿಯ ಚೂರುಗಳ ಹೂವು.

ಊಟದ ಮಾತು ಬಂದೇ ಬರುತ್ತದೆ. ಮಾಂಸ ತಿನ್ನುವವರಿಗೆ ಆ ಊರು ಸ್ವರ್ಗ. ಸಸ್ಯಾಹಾರಿಗಳಿಗೆ ಅಮ್ಮ ಚಟ್ನಿಪುಡಿ ಕಟ್ಟಿಕೊಟ್ಟೇ ಕಳಿಸುತ್ತಾರೆ, ಬೇಡವೆನ್ನಬೇಡಿ. ಬರಿಯ ತರಕಾರಿ ಎಂದು ಕೊಟ್ಟ ಪಲ್ಯದಲ್ಲೂ ಅಲ್ಲಿ ಮೀನಿನ ರಸ ಬಿದ್ದಿರುತ್ತದೆ, ಅದಕ್ಕೆ ‘ನಾಮ್ ಪ್ಲಾ’ ಎಂದು ಹೆಸರು. ನೀವು ಹುಡುಕಬೇಕಾದದ್ದು ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ ಬರೆದ ‘ಜೇ’ ಎಂಬ ಅಕ್ಷರ. ನೋಡಲು ಇಂಗ್ಲಿಷಿನ ಹದಿನೇಳು ಅಂಕಿಯಂತಿರುತ್ತದೆ. ಆ ಬಾವುಟವಿರುವ ಅಂಗಡಿಯಲ್ಲಿ ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ‘ಕಿನ್ ಜೇ’ ಎಂದರೆ ‘ನಾನು ಜೇ ಊಟದವನು’ ಎಂದು ತಿಳಿದುಕೊಳ್ಳುತ್ತಾರೆ. ಫಾಹುರಾತ್ ಎಂಬ ಭಾರತೀಯರ ಬಟ್ಟೆಪೇಟೆಗೆ ಹೋದರೆ ರೊಟ್ಟಿ, ದಾಲ್ ಸಿಗುತ್ತದೆ. ಅಲ್ಲೇ ಸಮೀಪ ನದಿಯ ದಡದಲ್ಲಿ ಪಾಕ್ ಕ್ಲೋಂಗ್ ತಲಾತ್, ಅಂದರೆ ‘ಕಾಲುವೆ ಬಾಯಿಯ ಸಂತೆ’. ರಾತ್ರಿ ಹಗಲೆನ್ನದೆ ಹೂವು ಮಾರುತ್ತಾರೆ. ಹಾರಕ್ಕೆ ಅವರೂ ‘ಮಾಲೈ’ ಎನ್ನುತ್ತಾರೆ.

ಮೂರನೆಯ ದಿನವನ್ನು ನದಿಗಲ್ಲ, ಕಾಲುವೆಗೆ ಇಡಿ. ಸೇನ್ ಸೇಪ್ ಎಂಬುದು ಇನ್ನೂ ಜೀವಂತವಾಗಿರುವ ಉದ್ದನೆಯ ಕಾಲುವೆ, 1837ರಿಂದ 1840ರ ನಡುವೆ ತೋಡಿದ್ದು. ಇದರ ದೋಣಿ ಭರ್ರೆಂದು ಬರುತ್ತದೆ, ನಿಲ್ಲುವುದು ಅರೆಗಳಿಗೆ, ಹಗ್ಗ ಹಿಡಿದು ಹಾರಿ ಹತ್ತಬೇಕು. ಶಿರಸ್ತ್ರಾಣ ತೊಟ್ಟ ಕಂಡಕ್ಟರು ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತ ಟಿಕೆಟ್ಟು ಹರಿಯುತ್ತಾನೆ. ಎದುರು ದೋಣಿ ಬಂದರೆ ಪಕ್ಕದಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸಬೇಕು, ಇಲ್ಲದಿದ್ದರೆ ಎಲ್ಲರ ಮೇಲೂ ಕೊಳಕು ನೀರು. ಆ ಹಗ್ಗ ನಿಮ್ಮ ಕೈಗೆ ಬಂತೆಂದರೆ ನೀವು ಪ್ರವಾಸಿಯಲ್ಲ, ಊರಿನವರೇ!

ಹುವಾ ಚಾಂಗ್ ಕಟ್ಟೆಯಲ್ಲಿ ಇಳಿದರೆ ಜಿಮ್ ಥಾಂಪ್ಸನ್ ಎಂಬ ಅಮೆರಿಕನ್ನನ ಮನೆ ಇದೆ. ಹಳೆಯ ತೇಗದ ಮನೆಗಳನ್ನು ಬಿಚ್ಚಿ ತಂದು ಕಟ್ಟಿದ್ದು. ಥಾಯ್ ರೇಷ್ಮೆಗೆ ಜಗತ್ತಿನಲ್ಲಿ ಹೆಸರು ತಂದ ಈತ 1967ರಲ್ಲಿ ಮಲೇಷ್ಯಾದ ಬೆಟ್ಟಗಳಲ್ಲಿ ಕಾಣೆಯಾದ, ಇಂದಿಗೂ ಸುಳಿವಿಲ್ಲ. ಮನೆ ನೋಡಲು ಟಿಕೆಟ್ಟಿದೆ. ಆದರೆ ಅವನಿಗೆ ರೇಷ್ಮೆ ನೇಯ್ದುಕೊಟ್ಟವರ ಕೇರಿ ಕಾಲುವೆಯ ಆಚೆ ದಡದಲ್ಲಿದೆ, ಅದಕ್ಕೆ ಟಿಕೆಟ್ಟಿಲ್ಲ. ಹೆಸರು ಬಾನ್ ಕ್ರುವಾ, ಚಾಮ್ ಮುಸ್ಲಿಮರ ಹಳೆಯ ವಸತಿ. 1980ರ ದಶಕದ ಕೊನೆಯಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿಗೆ ಕೂಡುವ ರಸ್ತೆಯೊಂದನ್ನು ಈ ಕೇರಿಯ ಮೇಲೆ ಹಾಯಿಸುವ ಯೋಜನೆ ಬಂತು. ನೇಕಾರರು ವರ್ಷಗಟ್ಟಲೆ ಎದುರು ನಿಂತು ತಮ್ಮ ಗಲ್ಲಿಗಳನ್ನು ಉಳಿಸಿಕೊಂಡರು. ಮಗ್ಗದ ಸದ್ದು ಈಗ ಅಪರೂಪವಾದರೂ ಕೇರಿ ಇದೆ. ಅಲ್ಲಿ ಸದ್ದು ಮಾಡದೆ ನಡೆಯಿರಿ, ಕೇಳದೆ ಫೋಟೋ ತೆಗೆಯಬೇಡಿ, ಸಾಧ್ಯವಾದರೆ ಒಂದು ಕರವಸ್ತ್ರವನ್ನಾದರೂ ಕೊಳ್ಳಿ.

ನಾಲ್ಕನೆಯ ದಿನ ಲುಂಪಿನಿ ಪಾರ್ಕಿನಲ್ಲಿ ಕಳೆಯಬಹುದು. ಬುದ್ಧ ಹುಟ್ಟಿದ ಲುಂಬಿನಿಯ ಹೆಸರು. ಕೊಳದ ದಡದಲ್ಲಿ ಆಳುದ್ದದ ಉಡಗಳು ಬಿಸಿಲು ಕಾಯಿಸುತ್ತಿರುತ್ತವೆ. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ರಾಷ್ಟ್ರಗೀತೆ ಕೇಳಿಸಿದರೆ ನಿಂತಲ್ಲೇ ನಿಲ್ಲಿ. ದೊರೆಯ ಬಗ್ಗೆ ತಮಾಷೆಗೂ ಮಾತು ಬೇಡ, ಅದು ಅಲ್ಲಿ ಜೈಲಿಗೆ ಹಾಕುವಂಥ ಅಪರಾಧ. ವೀಸಾದ ನಿಯಮ ಆಗಾಗ ಬದಲಾಗುತ್ತಿರುತ್ತದೆ, ಟಿಕೆಟ್ಟು ಕೊಳ್ಳುವ ಮೊದಲು ವಿಚಾರಿಸಿ.

2011ರಲ್ಲಿ ಮಹಾಪೂರ ಬಂದು ಡಾನ್ ಮುವಾಂಗ್ ವಿಮಾನ ನಿಲ್ದಾಣವೇ ಮುಳುಗಿದಾಗ, ನೀರು ತನ್ನ ಹಳೆಯ ಹಾದಿಗಳನ್ನು ಹುಡುಕಿಕೊಂಡು ಹೊರಟಂತಿತ್ತು. ಮುಚ್ಚಿದ ಕಾಲುವೆಯ ಬೆಲೆ ಆ ಊರಿಗೆ ಚೆನ್ನಾಗಿ ಗೊತ್ತು. ಉಳಿದ ಕಾಲುವೆಗಳಲ್ಲಿ ದೋಣಿ ಓಡಬೇಕಾದರೆ ದೋಣಿ ಹತ್ತುವ ಜನ ಬೇಕು. ನಿಮ್ಮ ಕೆಲವು ಬಾತ್ ಅದಕ್ಕೂ ಸಂದಾಯವಾಗಲಿ. ಹರಳಿನ ಅಂಗಡಿ ನೋಡದಿದ್ದರೆ ಏನೂ ನಷ್ಟವಿಲ್ಲ.